ಅಗುಳಿ ಪೆಟ್ಟಿಗೆ

ನಮ್ಮೂರಲ್ಲಿ ದಿನಕ್ಕೊಂದು ಬೀದಿ ಮಲಗುತ್ತದೆ. ಯಾವುದೆಂದು ಬೆಳಗಾಗುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಹಾಲಿನವಳು ಕ್ಯಾನು ಹೊತ್ತು ಹೊರಟು, ಸೂಜಿಬೀದಿಯ ತಿರುವಿಗೆ ಬಂದು, ಬೀದಿ ಇರಬೇಕಾದ ಜಾಗದಲ್ಲಿ ಸುಣ್ಣ ಬಳಿದಂಥ ಬಿಳಿ ಗೋಡೆ ಕಂಡರೆ, "ಓ, ಇವತ್ತು ಇದರ ಪಾಳಿ" ಎಂದು ಸೆರಗು ಸಿಕ್ಕಿಸಿಕೊಂಡು ಬಳಸು ದಾರಿ ಹಿಡಿಯುತ್ತಾಳೆ. ಮರುದಿನ ಬೀದಿ ಎದ್ದಿರುತ್ತದೆ. ಮಕ್ಕಳು ಬಿಟ್ಟುಹೋದ ಗೋಲಿ, ಅರ್ಧ ಒಣಗಿದ ಹಪ್ಪಳ, ಜಗಲಿಯ ಮೇಲೆ ಮರೆತ ಕನ್ನಡಕ ಎಲ್ಲವೂ ಇದ್ದಲ್ಲೇ ಇರುತ್ತವೆ. ಹೊರಗಿನಿಂದ ಬಂದವರು ಇದೇಕೆ ಹೀಗೆ ಎಂದು ಕೇಳುವುದುಂಟು. ನಮ್ಮವರು ಅವರನ್ನು ಮರುಕದಿಂದ ನೋಡಿ, "ನಿಮ್ಮೂರಲ್ಲಿ ಬೀದಿಗಳು ಮಲಗೋದೇ ಇಲ್ವಾ? ಪಾಪ, ಎಷ್ಟು ದಣಿದಿರ್ತವೋ" ಎನ್ನುತ್ತಾರೆ.

ಹೀಗಾಗಿ ಇಲ್ಲಿ ಪ್ರತಿ ಮನೆಗೂ ಎರಡು ಬಾಗಿಲು. ಮುಂದಿನದು ಒಂದು ಬೀದಿಗೆ, ಹಿಂದಿನದು ಇನ್ನೊಂದಕ್ಕೆ. ಮದುವೆಗೆ ಕರೆಯಲು ಗಂಡ ಒಂದು ದಾರಿಯಲ್ಲಿ ಹೋದರೆ ಹೆಂಡತಿ ಇನ್ನೊಂದು ದಾರಿಯಲ್ಲಿ ಹೋಗುತ್ತಾಳೆ. ಇಬ್ಬರಲ್ಲಿ ಒಬ್ಬರಾದರೂ ತಲುಪುತ್ತಾರೆ, ಇಬ್ಬರೂ ತಲುಪಿದರೆ ಅವರಿಗೆ ಎರಡು ಸಲ ಪಾನಕ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಹಿತ್ತಿಲ ಬಾಗಿಲನ್ನು ನೋಡುತ್ತಾರೆ.

ಊರಿಗೆಲ್ಲ ತಿಳಿಯಬೇಕಾದ ಸಂಗತಿ ಇದ್ದರೆ ಕೂಗು ಹಾಕುತ್ತಾರೆ. ಮುಂಬಾಗಿಲಲ್ಲಿ ಕೇಳಿಸಿಕೊಂಡಿದ್ದನ್ನು ಹಿಂಬಾಗಿಲಿಂದ ಮುಂದಿನ ಮನೆಗೆ ಕೂಗಬೇಕು. ಅವರು ತಮ್ಮ ಹಿಂಬಾಗಿಲಿಂದ ಅದರ ಮುಂದಿನ ಮನೆಗೆ. ಈ ಕೂಗಿನ ಬಗ್ಗೆ ಒಂದು ಕಥೆಯಿದೆ. ನಮ್ಮಜ್ಜಿ ಹೊನ್ನಮ್ಮ ಅದನ್ನು ನನಗೆ ತುತ್ತು ತುತ್ತಿಗೂ ಹೇಳಿ ಉಣಿಸುತ್ತಿದ್ದಳು. ಬಹಳ ಹಿಂದೆ, ಬೀದಿಗಳು ಮಲಗುವುದನ್ನು ಇನ್ನೂ ಕಲಿಯುತ್ತಿದ್ದ ಕಾಲದಲ್ಲಿ, ಒಬ್ಬಾಕೆ ಹಬ್ಬದ ಮರುದಿನ "ಮಜ್ಜಿಗೆ ಉಳಿದಿದೆ, ಬನ್ನಿ" ಎಂದು ಹಿಂಬಾಗಿಲಿಂದ ಕೂಗಿದಳಂತೆ. ಕೂಗು ಕೇರಿಯನ್ನು ಸುತ್ತಿ ಅವಳ ಮುಂಬಾಗಿಲಿಗೇ ಬಂತು. ಅಷ್ಟು ಬಾಯಿ ದಾಟಿ ಬಂದ ತನ್ನ ಕೂಗನ್ನು ಅವಳೇ ಗುರುತಿಸಲಿಲ್ಲ. ಯಾರದೋ ಮನೆಯಲ್ಲಿ ಮಜ್ಜಿಗೆ ಉಳಿದಿರಬೇಕೆಂದು ಮತ್ತೆ ಮುಂದಕ್ಕೆ ಕೂಗಿದಳು. ಅದು ಮತ್ತೆ ಸುತ್ತಿತು. ಆಮೇಲೆ ಯಾರು ಏನು ಹೇಳಹೋದರೂ ಬಾಯಲ್ಲಿ ಮಜ್ಜಿಗೆಯೇ. ಕಳ್ಳ ಬಂದರೂ "ಮಜ್ಜಿಗೆ ಉಳಿದಿದೆ", ಹುಲ್ಲಿನ ಮೆದೆಗೆ ಬೆಂಕಿ ಬಿದ್ದರೂ "ಮಜ್ಜಿಗೆ ಉಳಿದಿದೆ". ಮಜ್ಜಿಗೆ ಹುಳಿಯಾಗಿ, ಬೂಸಲು ಹಿಡಿದು, ಗಡಿಗೆಯೂ ಒಡೆದುಹೋಯಿತು. ಕೂಗು ಮಾತ್ರ ಸುತ್ತುತ್ತಲೇ ಇತ್ತು. ಕೊನೆಗೆ ಒಬ್ಬ ಬಾಣಂತಿ ಕೂಸಿನ ನಿದ್ದೆ ಕೆಡುತ್ತದೆಂದು ಸಿಟ್ಟಿಗೆದ್ದು, ಹಿಂಬಾಗಿಲಿಗೆ ಮರದ ಅಗುಳಿ ಜಡಿದು, "ಕೇಳಿದೆ ಕಣ್ರವ್ವ, ಸಾಕು" ಎಂದಳಂತೆ. ಕೂಗು ಅವಳ ಮನೆಯೊಳಗೆ ಹೊಕ್ಕು ನಿಂತಿತು. ಊರಿಗೆ ಉಸಿರು ಬಂತು.

ಅಂದಿನಿಂದ ಪ್ರತಿ ಕೇರಿಯ ಸುತ್ತಿನಲ್ಲೂ ಒಂದು ಅಗುಳಿ ಮನೆ. ಆ ಮನೆಯ ಹಿಂಬಾಗಿಲು ಸದಾ ಮುಚ್ಚಿರುತ್ತದೆ. ಕೇರಿಯ ಬೀದಿಯೊಂದು ಮಲಗಿ ಸುತ್ತು ಕಡಿದ ದಿನ ಮಾತ್ರ ಅಗುಳಿ ತೆಗೆದು, ಆಚೆ ಸಿಕ್ಕಿಕೊಂಡವರಿಗೆ ಕೂಗು ಮುಟ್ಟಿಸುತ್ತಾರೆ. ಅಗುಳಿ ಮನೆ ಎಲ್ಲರಿಗೂ ಬೇಕು, ಅಗುಳಿ ಮನೆಯವರಾಗುವುದು ಮಾತ್ರ ಯಾರಿಗೂ ಬೇಡ. "ಅಗುಳಿ ಮನೆ ಹೊಕ್ಕ ಮಾತು, ಬೆಕ್ಕು ಕುಡಿದ ಹಾಲು" ಎಂದು ಗಾದೆಯೇ ಇದೆ. ಮಾತನ್ನು ಮುಂದಕ್ಕೆ ಕೊಡದ ಜಿಪುಣರು, ಒಂದು ಕಣ್ಣು ಮುಚ್ಚಿದವರು ಎಂದು ಹಂಗಿಸುತ್ತಾರೆ. ಮಡಕೆಕೇರಿಯ ಅಗುಳಿ ಮನೆ ನಮ್ಮದು. ಶಾಲೆಯಲ್ಲಿ ನನ್ನನ್ನು ನೀಲವೇಣಿ ಎಂದು ಕರೆದವರು ಮೇಷ್ಟ್ರೊಬ್ಬರೇ. ಉಳಿದವರಿಗೆಲ್ಲ ನಾನು ಅಗುಳಿ ವೇಣಿ.

"ಅಜ್ಜೀ, ನಮ್ಮನೇಲಿ ನಿಂತ ಕೂಗೆಲ್ಲ ಎಲ್ಲಿಗೆ ಹೋಗುತ್ತೆ?" ಎಂದು ನಾನು ಕೇಳುತ್ತಿದ್ದೆ. ಅಟ್ಟ ಹತ್ತಿ ನೋಡುತ್ತಿದ್ದೆ, ಕಣಜದೊಳಗೆ ತಲೆ ಹಾಕಿ ಕಿವಿಗೊಡುತ್ತಿದ್ದೆ.

"ಉಣ್ಣು ಮೊದಲು. ದೊಡ್ಡೋಳಾದ್ಮೇಲೆ ಹೇಳ್ತೀನಿ" ಎನ್ನುತ್ತಿದ್ದಳು ಅಜ್ಜಿ. ನಾನು ದೊಡ್ಡವಳಾದೆ, ಪಾಲಿಟೆಕ್ನಿಕ್ಕಿನಲ್ಲಿ ಓದಿದೆ, ಕೆಲಸಕ್ಕೂ ಸೇರಿದೆ. ಅಜ್ಜಿ ಹೇಳಲಿಲ್ಲ.

ಕೆಲಸ ಸಿಕ್ಕಿದ್ದು ಜುಲೇಖಮ್ಮನವರ ಬಳೆ ಕಾರ್ಖಾನೆಯಲ್ಲಿ. ನಮ್ಮೂರಿನಲ್ಲಿ ಏನನ್ನೂ ಒಂದೇ ಬೀದಿಯಲ್ಲಿ ಇಡುವುದಿಲ್ಲವಾದ್ದರಿಂದ ಆ ಕಾರ್ಖಾನೆಯೂ ನಾಲ್ಕು ಮನೆಗಳಲ್ಲಿ ಹರಡಿಕೊಂಡಿದೆ. ಗಾಜು ಕರಗಿಸುವ ಕುಲುಮೆಮನೆ, ಅದಕ್ಕೆ ಎರಡು ಕಡೆಯ ಬೀದಿಗಳ ಅಡಿಯಿಂದಲೂ ಕೊಳವೆ ಎಳೆದು ಉರುವಲು ಎಣ್ಣೆ ಪಂಪು ಮಾಡುವ ಎಣ್ಣೆಮನೆ, ಬಿಸಿ ಬಳೆಗಳನ್ನು ನಿಧಾನವಾಗಿ ಆರಿಸುವ ತಣಿಮನೆ, ಆಮೇಲೆ ಆಫೀಸು. ನಾಲ್ಕೂ ಒಂದು ಚೌಕದ ನಾಲ್ಕು ಮೂಲೆಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ಒಂದೊಂದು ಬೀದಿ. ಕುಲುಮೆಯ ಬೆಂಕಿಯನ್ನು ಜುಲೇಖಮ್ಮನವರ ಅತ್ತೆಯ ಅತ್ತೆ ಹಚ್ಚಿದ್ದು. ಅಲ್ಲಿಂದೀಚೆಗೆ ಅದು ಆರಿಲ್ಲ. ಆರುವಂತೆಯೂ ಇಲ್ಲ. ಕಾವು ಇಳಿದರೆ ಕರಗಿದ ಗಾಜು ಮೂಸೆಯೊಳಗೇ ಹೆಪ್ಪುಗಟ್ಟಿ ಮೂಸೆಯನ್ನು ಸೀಳುತ್ತದೆ. ಆ ಅಳತೆಯ ಮೂಸೆ ಮಾಡುವ ಕೈಗಳು ಈಗ ಎಲ್ಲೂ ಇಲ್ಲ.

ಮೊದಲೆಲ್ಲ ಕುಲುಮೆಯ ಯಜಮಾನ ಭರ್ಮಣ್ಣ ಬೆಂಕಿಯ ಬಣ್ಣ ನೋಡಿ "ಏರಿಸು" ಅಥವಾ "ಇಳಿಸು" ಎಂದು ಕೂಗುತ್ತಿದ್ದ, ಎಣ್ಣೆಮನೆಯವರು ಹಾಗೇ ಮಾಡುತ್ತಿದ್ದರು. ಆ ಎರಡು ಮಾತು ಬಿಟ್ಟು ಮೂರನೆಯದನ್ನು ಆಡಿದ್ದನ್ನು ಕೇಳಿದವರಿಲ್ಲ. ಹೊಗೆ ಕುಡಿದು ಕುಡಿದು ಅವನ ಗಂಟಲು ಕೂತುಹೋದ ಮೇಲೆ ಜುಲೇಖಮ್ಮ ಯಂತ್ರಗಳನ್ನು ತಂದರು. ಕುಲುಮೆಯ ಕಾವು ಅಳೆಯುವ ಯಂತ್ರ ಒಂದು ತಂತಿಯ ಮೂಲಕ ಎಣ್ಣೆಮನೆಯ ಪಂಪಿಗೆ ಹೇಳುತ್ತಿತ್ತು, ಪಂಪು ಕೇಳುತ್ತಿತ್ತು. ಆದರೆ ಬೀದಿ ಮಲಗಿದರೆ ಅದರ ಕೆಳಗಿನ ತಂತಿಯೂ ಮಲಗುತ್ತದೆ. ಅಂಥದೊಂದು ದಿನ ಪಂಪಿಗೆ ಮಾತು ಬಾರದೆ, ಅದು ತನ್ನ ಶಿಸ್ತಿನಂತೆ ಸಣ್ಣ ಧಾರೆಗೆ ಇಳಿದು, ಇದ್ದ ಎರಡು ಮೂಸೆಗಳಲ್ಲಿ ಒಂದು ಸಿಡಿಯಿತು.

"ಉಳಿದಿರೋದು ಒಂದೇ ಮೂಸೆ ವೇಣಿ" ಎಂದರು ಜುಲೇಖಮ್ಮ, ನನ್ನನ್ನು ಕರೆಸಿ. "ಇದೂ ಹೋದ್ರೆ ಬಾಗಿಲು ಹಾಕ್ತೀನಿ. ಎರಡೂ ಬಾಗಿಲು. ನೀನು ಓದಿದೋಳು. ಈ ಯಂತ್ರಗಳು ಮಾತಾಡ್ಕೊಳ್ಳೋಕೆ ಏನೇನು ಬೇಕೋ ನೀನೇ ಆರಿಸು. ಆರಿಸಿದ ಮೇಲೆ ಮಾತ್ರ ನನ್ನ ಹತ್ತಿರ ಬಂದು ಅಳಬಾರದು."

ಹೊರಗಿನ ಕಂಪನಿಯೊಂದರಿಂದ ಸುಧನ್ವ ಎಂಬ ಮಾರಾಟದ ಹುಡುಗ ಬಂದ. ಮಲಗಿದ ಬೀದಿಗೆ ಹಣೆ ತಾಗಿಸಿಕೊಂಡು, ಅದನ್ನು ಉಜ್ಜುತ್ತಲೇ ಆಫೀಸಿಗೆ ಬಂದವನು ಮೇಜಿನ ಮೇಲೆ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟ. "ಇವು ಸ್ವಿಚ್ಚುಗಳು ಮೇಡಂ. ನಾಲ್ಕು ಮನೆಗೆ ನಾಲ್ಕು. ಯಾವ ಯಂತ್ರದ ಮಾತು ಯಾವ ಯಂತ್ರಕ್ಕೆ ಅಂತ ನೋಡಿ ಸರಿಯಾದ ತಂತಿಗೆ ದಾಟಿಸೋದು ಇವುಗಳ ಕೆಲಸ. ಇದು ಆಫೀಸಿನದು, ಅಗ್ಗ. ಇದು ಕಾರ್ಖಾನೆಯದು, ಬೆಲೆ ಹೆಚ್ಚು. ಒಳಗೆ ಎರಡೂ ಒಂದೇ ಅಂತ ಕೆಲವರು ಹೇಳ್ತಾರೆ."

"ಒಂದೇನಾ?"

"ನಾನು ಹಾಗೆ ಹೇಳಿಲ್ಲ ಮೇಡಂ. ಕೆಲವರು ಹೇಳ್ತಾರೆ ಅಂದೆ."

ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿಯನ್ನು ಮದುವೆಯಾಗಲು ಬಂದವರನ್ನು ಯಾರೂ ಅವರ ಮಾತು ಕೇಳಿ ಒಪ್ಪುವುದಿಲ್ಲ. ಬೆಂಕಿ ದಾಟಿಸುತ್ತಾರೆ, ಮುಳ್ಳಿನ ಮೇಲೆ ಮಲಗಿಸುತ್ತಾರೆ. ನಾನು ಎರಡೂ ಪೆಟ್ಟಿಗೆಗಳನ್ನು ತೆಗೆದುಕೊಂಡು ಹೋಗಿ ಕುಲುಮೆಮನೆಯ ಗೂಡಿನಲ್ಲಿ ಇಟ್ಟು ವಿದ್ಯುತ್ತು ಕೊಟ್ಟೆ. ಭರ್ಮಣ್ಣ ಹುಬ್ಬೇರಿಸಿ ನೋಡಿದ. ಆ ಮನೆಯಲ್ಲಿ ಗಾಳಿಯೆಂದರೆ ಅರ್ಧ ಗಾಜಿನ ಪುಡಿ. ಊದುವ ಯಂತ್ರ ತಿರುಗಿದರೆ ಗೋಡೆಯ ಕ್ಯಾಲೆಂಡರೂ ನಡುಗುತ್ತದೆ. ಅಗ್ಗದ ಪೆಟ್ಟಿಗೆಯೊಳಗೆ ಪುಟ್ಟ ಫ್ಯಾನಿತ್ತು. ತಣ್ಣಗಿರಲೆಂದು ಅದು ಹೊರಗಿನ ಗಾಳಿಯನ್ನು ಒಳಗೆಳೆದುಕೊಂಡಿತು, ಗಾಳಿಯ ಜೊತೆ ಪುಡಿಯನ್ನೂ ನುಂಗಿತು, ಕೆಲವೇ ದಿನಕ್ಕೆ ಗೊರಕೆ ಹೊಡೆಯಲು ಹತ್ತಿತು, ಆಮೇಲೆ ಉಸಿರು ನಿಲ್ಲಿಸಿತು. ಅದರ ತಂತಿಗಳೂ ನಡುಗಿ ನಡುಗಿ ಸಡಿಲಾಗಿ ಜೋತುಬಿದ್ದಿದ್ದವು. ಇನ್ನೊಂದಕ್ಕೆ ಫ್ಯಾನೇ ಇಲ್ಲ. ದಪ್ಪ ಲೋಹದ ಮೈ, ಮೈತುಂಬ ಬಾಚಣಿಗೆಯಂಥ ಪಟ್ಟಿ. ಕಾವನ್ನು ಮೈಯಿಂದಲೇ ಹೊರಹಾಕುತ್ತದೆ. ಮುಟ್ಟಿದರೆ ಜ್ವರ ಬಂದವರ ಹಣೆಯಂತೆ ಬಿಸಿ, ಆದರೆ ಕೆಲಸ ನಿಲ್ಲಿಸಿರಲಿಲ್ಲ. ತಂತಿಗಳಿಗೆ ತಿರುಪಿನ ಹಿಡಿ. ವಿದ್ಯುತ್ತು ಬರಲು ಎರಡು ಬೇರೆ ಬೇರೆ ದಾರಿ. ಒಂದು ಹೋದರೂ ಇನ್ನೊಂದರಿಂದ ಬದುಕುತ್ತದೆ.

"ಎರಡು ಬಾಗಿಲಿನ ಪೆಟ್ಟಿಗೆ! ಇದು ನಮ್ಮೂರಿನದೇ" ಎಂದೆ ನಾನು. ಸುಧನ್ವನಿಗೆ ಅರ್ಥವಾಗಲಿಲ್ಲ, ಆದರೆ ಸಂತೋಷವಾಯಿತು.

ಆಮೇಲೆ ರೂಟರು. ಸ್ವಿಚ್ಚು ಊರೊಳಗಿನ ಬೀದಿಗಳದ್ದಾದರೆ ರೂಟರು ಊರಬಾಗಿಲು, ಒಳಗಿನ ಮಾತು ಹೊರಗಿನ ಪ್ರಪಂಚಕ್ಕೆ ಹೋಗಿಬರುವ ಜಾಗ. ಸುಧನ್ವ ತೋರಿಸಿದ ಮೊದಲನೆಯದು ಬಹಳ ಉದಾರಿ. ಅವನ ಕಂಪನಿಯವರು ಎಲ್ಲೋ ಕೂತು ಯಾವಾಗ ಬೇಕಾದರೂ ಒಳಗೆ ಬಂದು ನಮ್ಮ ಪಂಪನ್ನು ತಿರುಗಿಸಬಹುದು. "ಅನುಕೂಲ ಅಲ್ವಾ ಮೇಡಂ?" ಎಂದ. ನನಗೆ ಊರ ಗಡಿಯ ಕಲ್ಲು ನೆನಪಾಯಿತು. ಎಷ್ಟೇ ದೊಡ್ಡ ನೆಂಟನಾದರೂ ಅಲ್ಲಿ ನಿಂತು, ಯಾರ ಮನೆಗೆ ಬಂದೆ ಎಂದು ಹೇಳಿ, ಒಳಗಿನವರು ಬಂದು ಕರೆದರೆ ಮಾತ್ರ ಹೆಜ್ಜೆ ಇಡುವುದು ನಮ್ಮಲ್ಲಿ ರೂಢಿ. ಹಾಗೆ ನಿಲ್ಲಿಸಿ ಕೇಳುವ ರೂಟರು ಇದೆಯೇ ಎಂದೆ. ಅವನು ಚೀಲದ ತಳದಿಂದ ಇನ್ನೊಂದನ್ನು ತೆಗೆದ. ಆಫೀಸಿನಲ್ಲಿ ಜುಲೇಖಮ್ಮ ಒಂದು ಬೀಗದ ಕೈ ತಿರುಗಿಸಿದರೆ ಮಾತ್ರ ಹೊರಗಿನವರಿಗೆ ದಾರಿ. ಜುಲೇಖಮ್ಮ ಆ ಬೀಗದ ಕೈಯನ್ನು ಅಲ್ಲೇ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕೊನೆಗೆ ಉಳಿದದ್ದು ತಂತಿಯ ದಾರಿ. ನಾಲ್ಕು ಮನೆಗಳನ್ನೂ ಸುತ್ತಿ ಉಂಗುರದಂತೆ ಎಳೆದರೆ ಒಂದು ಬೀದಿ ಮಲಗಿದರೂ ಮಾತು ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಸುಧನ್ವ ಕೈಯೆತ್ತಿದ. "ಸುಮ್ಮನೆ ಉಂಗುರ ಮಾಡಿದ್ರೆ ಕೆಡುತ್ತೆ ಮೇಡಂ. ಕೆಲವು ಮಾತು ಎಲ್ಲರಿಗೂ ಅಂತ ಹೊರಡ್ತವೆ. ಅಂಥವು ಸುತ್ತುತ್ತಾನೇ ಇರ್ತವೆ, ಹೆಚ್ಚುತ್ತಾನೇ ಇರ್ತವೆ, ಬೇರೆ ಮಾತಿಗೆ ಜಾಗವೇ ಇರಲ್ಲ. ಅದಕ್ಕೇ ಉಂಗುರ ತಿಳಿದಿರೋ ಸ್ವಿಚ್ಚೇ ಬೇಕು. ನಾಲ್ಕರಲ್ಲಿ ಒಂದಕ್ಕೆ ಪಕ್ಕದ ಈ ಸಣ್ಣ ಕೀಲಿನ ಮೇಲಕ್ಕೆ ತಳ್ತೀವಿ. ಅದು ತನ್ನ ಒಂದು ಕಡೆ ದಾರಿನ ಮುಚ್ಕೊಂಡು ಕಾಯ್ತಾ ಇರುತ್ತೆ. ಮುಚ್ಚಿರೋ ಗುರುತಿಗೆ ಹಳದಿ ದೀಪ. ಬೇರೆಲ್ಲಾದ್ರೂ ತಂತಿ ಕಡಿದ್ರೆ ತಕ್ಷಣ ತೆರೆದು ಹಸಿರಾಗುತ್ತೆ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ಅಗುಳಿ ಮನೆ!" ಎಂದು ಕೂಗಿದೆ. "ಜುಲೇಖಮ್ಮ, ಇದು ಅಗುಳಿ ಮನೆ ಕಣ್ರೀ! ಯಾವುದೋ ದೇಶದೋರು ಎಲ್ಲೋ ಕೂತು ನಮ್ಮ ಅಗುಳಿ ಮನೇನ ಪೆಟ್ಟಿಗೆಯೊಳಗೆ ಇಟ್ಟವ್ರೆ!"

ನನಗೆ ಎಷ್ಟು ಹಿಗ್ಗಾಗಿತ್ತೆಂದರೆ, ಬಾಗಿಲಲ್ಲಿ ನಿಂತಿದ್ದ ತಣಿಮನೆಯ ಸಾಕಮ್ಮನ ಮುಖ ಮುದುಡಿದ್ದು ನನಗೆ ಕಾಣಲಿಲ್ಲ. ಸಂಜೆಯೊಳಗೆ ಹಳದಿ ದೀಪದ ಪೆಟ್ಟಿಗೆಗೆ ಅಗುಳಿ ಪೆಟ್ಟಿಗೆ ಎಂದು ಹೆಸರಾಗಿಹೋಯಿತು. ಅದನ್ನು ಯಾವ ಮನೆಯಲ್ಲಿ ಇಡುವುದೆಂಬ ಮಾತು ಬಂದಾಗ ಸಾಕಮ್ಮ ಕೈ ಮುಗಿದಳು. "ನನ್ನ ತವರುಮನೆ ಅಗುಳಿ ಮನೆ ತಾಯಿ. ಕೇಳಿಸ್ಕೊಂಡಿದ್ದು ಸಾಕಾಗಿದೆ. ತಣಿಮನೆಗೆ ಮಾತ್ರ ಬೇಡ." ಭರ್ಮಣ್ಣ ಕುಲುಮೆಮನೆಯ ಬಾಗಿಲಿಗೆ ಅಡ್ಡಲಾಗಿ ನಿಂತ. ಆಫೀಸಿನಲ್ಲಿ ಇಡೋಣವೆಂದರೆ ಜುಲೇಖಮ್ಮ, "ಮುಚ್ಚಿದ ಬಾಗಿಲ ಅಂಗಡಿಗೆ ಗಿರಾಕಿ ಬರ್ತಾರೇನೇ ಹುಚ್ಚಿ?" ಎಂದರು. ಎಣ್ಣೆಮನೆಯ ಸಣ್ಣೀರಪ್ಪ ಅಂದು ಮಗಳ ಮದುವೆಯ ಮಾತಿಗೆಂದು ರಜೆ ಹಾಕಿದ್ದ. ಇಲ್ಲದವನ ತಲೆಗೆ ಕಟ್ಟುವುದು ಎಲ್ಲ ಊರಿನ ನ್ಯಾಯ. ಪೆಟ್ಟಿಗೆ ಎಣ್ಣೆಮನೆಗೆ ಹೋಯಿತು.

ಅದು ಬಂದ ಮೇಲೆ ಕಾರ್ಖಾನೆಗೆ ಒಳ್ಳೆಯ ದಿನಗಳು ಬಂದವು. ಸೂಜಿಬೀದಿ ಮಲಗಿತು, ಎಣ್ಣೆಮನೆಯಲ್ಲಿ ಹಳದಿ ಹಸಿರಾಯಿತು, ಬೆಂಕಿ ರೆಪ್ಪೆ ಬಡಿಯಲಿಲ್ಲ. ಸೂಜಿಬೀದಿ ಎದ್ದಿತು, ಹಸಿರು ಹಳದಿಯಾಯಿತು. ಇನ್ನೊಂದು ಬೀದಿ ಮಲಗಿತು, ಆಗಲೂ ಹಾಗೇ. ಮೂಸೆಯಲ್ಲಿ ಗಾಜು ಜೇನಿನಂತೆ ತಿರುಗುತ್ತಿತ್ತು, ಬಳೆಗಳು ಮಸುಕಿಲ್ಲದೆ ಬರುತ್ತಿದ್ದವು. ಜುಲೇಖಮ್ಮ ಒಂದು ಡಜನ್ ಹಸಿರು ಬಳೆ ಕೊಟ್ಟು, "ಅಜ್ಜಿಗೆ ತೊಡಿಸು. ಕೂಗೋಕೆ ಬಾಗಿಲಿಲ್ಲದಿದ್ರೂ ಬಳೆ ಸದ್ದಾದ್ರೂ ಮಾಡ್ಲಿ" ಎಂದು ನಕ್ಕರು.

ಹೀಗಿರುವಾಗ ಒಂದು ದಿನ ತೊಟ್ಟಿಬೀದಿ ಮಲಗಿತು. ಅದು ನಮ್ಮ ಉಂಗುರದ ಬೀದಿಯೇ, ಆಫೀಸಿಗೂ ಎಣ್ಣೆಮನೆಗೂ ನಡುವಿನದು. ಆ ದಿನ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ನಾನು ಇನ್ನೂ ಜಡೆ ಹೆಣೆದುಕೊಳ್ಳುತ್ತಿದ್ದೆ; ಸಾಕಮ್ಮ ಏದುಸಿರು ಬಿಡುತ್ತ ನಮ್ಮ ಮುಂಬಾಗಿಲಿಗೆ ಬಂದಳು.

"ಬೆಂಕಿ ಇಳೀತಾ ಇದೆ ಕಣೇ! ಪಂಪು ಕೇಳ್ತಾ ಇಲ್ಲ!"

ನಾನು ಅರ್ಧ ಜಡೆಯಲ್ಲೇ ಓಡಿದೆ. ಕುಲುಮೆಮನೆಯಲ್ಲಿ ಭರ್ಮಣ್ಣ ಒಬ್ಬನೇ ಬೆಂಕಿಯ ಕಿಂಡಿಯ ಮುಂದೆ ಕೂತಿದ್ದ. ಕಣ್ಣು ಕೋರೈಸುವ ಬಿಳುಪಾಗಿರಬೇಕಾದ ಕಿಂಡಿ ಮಾಗಿದ ಕಿತ್ತಳೆಯ ಬಣ್ಣಕ್ಕೆ ಇಳಿದಿತ್ತು. ಮೂಸೆಯ ಅಂಚಿನಲ್ಲಿ ಗಾಜು ಕೆನೆಗಟ್ಟುತ್ತಿತ್ತು. "ಏರಿಸು" ಎಂದು ಅವನು ಕೂಗುತ್ತಿದ್ದ, ಆದರೆ ಒಣಗಿದ ಎಲೆ ಉಜ್ಜಿದಷ್ಟೇ ಸದ್ದು. ಕೂಗಿದ್ದರೂ ಕೇಳಲು ಎಣ್ಣೆಮನೆಯಲ್ಲಿ ಯಾರೂ ಇರಲಿಲ್ಲ. ಏನೇ ಕೆಟ್ಟರೂ ನಮ್ಮೂರಿನವರು ಮೊದಲು ಮಾಡುವುದು ಒಂದೇ ಕೆಲಸ, ಯಾವ ಬೀದಿ ಮಲಗಿದೆಯೆಂದು ಹುಡುಕಿಕೊಂಡು ಓಡುವುದು. ಎಲ್ಲರೂ ಓಡಿದ್ದರು. ಜುಲೇಖಮ್ಮನವರೂ ಚಪ್ಪಲಿ ಮರೆತು ಓಡಿದ್ದರು.

ಒಬ್ಬೊಬ್ಬರಾಗಿ ಅವರು ಬೀದಿಯ ತುದಿಯಿಂದಲೇ ಕೂಗಿದರು. ಸೂಜಿಬೀದಿ ಎದ್ದಿದೆ. ಕುಲುಮೆಬೀದಿ ಎದ್ದಿದೆ. ಎಣ್ಣೆಬೀದಿ ಎದ್ದಿದೆ. ತೊಟ್ಟಿಬೀದಿಯೂ ಇವತ್ತು ಎದ್ದಿದೆ. ಇಂದು ಮಲಗಿರುವುದು ಊರಿನ ಆ ತುದಿಯ ಕುಂಬಾರರ ಸಂದಿ. ನಮ್ಮ ತಂತಿ ಅಲ್ಲಿಗೆ ಹೋಗುವುದೇ ಇಲ್ಲ.

"ಸರಿಯಾಗಿ ನೋಡ್ರೋ! ಎಲ್ಲೋ ಒಂದು ಕಡೆ ಮಲಗಿರಲೇಬೇಕು!" ಎನ್ನುತ್ತ ಜುಲೇಖಮ್ಮ ಮತ್ತೆ ಓಡಿದರು.

ನಾನು ಗೂಡಿನಲ್ಲಿದ್ದ ಸ್ವಿಚ್ಚಿನ ಮುಂದೆ ನಿಂತೆ. ದಿನವೂ ಅದರ ದೀಪಗಳು ಹೆಂಗಸರು ಮಾತಾಡಿಕೊಂಡಂತೆ ಮಿನುಗುತ್ತವೆ. ಒಂದು ಮಿನುಗಿದರೆ ಇನ್ನೊಂದು ತುಸು ತಡೆದು ಉತ್ತರಿಸುತ್ತದೆ. ಇವತ್ತು ಎಲ್ಲವೂ ಒಟ್ಟಿಗೆ, ಉಸಿರು ತೆಗೆದುಕೊಳ್ಳದೆ, ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ತಂತಿ ಕಡಿದಿದ್ದರೆ ಒಂದಾದರೂ ಕತ್ತಲಾಗಬೇಕಿತ್ತು. ಯಾವುದೂ ಕತ್ತಲಾಗಿರಲಿಲ್ಲ. ಎಲ್ಲರೂ ಮಾತಾಡುತ್ತಿದ್ದಾರೆ, ಯಾರೂ ಕೇಳುತ್ತಿಲ್ಲ. ಇದನ್ನು ನಾನೆಲ್ಲಿ ನೋಡಿದ್ದೇನೆ ಎಂದು ಬೆರಗಾಗಿ ನಿಂತೆ. ನೋಡಿರಲಿಲ್ಲ, ಕೇಳಿದ್ದೆ. ನನ್ನ ಬಾಯಲ್ಲಿ ಯಾವ ಕಾರಣವೂ ಇಲ್ಲದೆ ಹುಳಿ ರುಚಿ ಬಂತು.

ಕೈ ಚಾಚಿ ಸ್ವಿಚ್ಚಿಗೆ ಸೇರಿದ್ದ ಎರಡು ಬೀದಿ-ತಂತಿಗಳಲ್ಲಿ ಒಂದನ್ನು ಹಿಡಿದೆ. ಅಷ್ಟರಲ್ಲಿ ಭರ್ಮಣ್ಣ ಎದ್ದು ಬಂದು ನನ್ನ ಮುಂಗೈ ಹಿಡಿದುಕೊಂಡ. ಅವನ ಕಣ್ಣು ಕೆಂಪಾಗಿತ್ತು.

"ಕೀಳ್ಬೇಡ" ಎಂದ. ಅವನ ಬಾಯಲ್ಲಿ ಮೂರನೆಯ ಮಾತು ಕೇಳಿ ನಾನು ಬೆಚ್ಚಿದೆ. "ಇರೋ ದಾರೀನೂ ಕಿತ್ತರೆ ಸತ್ತೋಯ್ತದೆ."

"ಭರ್ಮಣ್ಣ, ಇವತ್ತು ನಮ್ಮ ಯಾವ ಬೀದೀನೂ ಮಲಗಿಲ್ಲ. ಅದೇ ಕೇಡಾಗಿರೋದು. ಎಲ್ಲ ಬಾಗಿಲೂ ತೆರೆದಿವೆ. ಅಗುಳಿ ಹಾಕೋರೇ ಇಲ್ಲ."

ಅವನು ದೀಪಗಳನ್ನು ನೋಡಿದ. ಬೆಂಕಿಯ ಬಣ್ಣ ಓದಿ ಬದುಕು ಸವೆಸಿದ ಆ ಕಣ್ಣು ಆ ಹಸಿರು ಮಿಣುಕನ್ನೂ ಹಾಗೇ ಓದುತ್ತಿದ್ದಂತಿತ್ತು. ಹಿಂದೆ ಮೂಸೆ ಒಂದು ಸಲ ಟಿಣ್ಣೆಂದಿತು. ಸೀಳುವ ಮುಂಚೆ ಅದು ಹಾಗೆ ಸದ್ದು ಮಾಡುತ್ತದಂತೆ. ಅವನ ಹಿಡಿತ ಒಮ್ಮೆ ಬಿಗಿಯಾಗಿ ಸಡಿಲಾಯಿತು.

"ಮಜ್ಜಿಗೆಯಾ?" ಎಂದ.

"ಮಜ್ಜಿಗೆ" ಎಂದೆ.

ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಸುಟ್ಟ ಗಾಯಗಳ ತನ್ನ ಕೈಯಿಂದ ಅವನೇ ತಿರುಪು ಬಿಚ್ಚಿ ತಂತಿಯನ್ನು ಎಳೆದುಹಾಕಿದ. ಎಳೆದ ತಂತಿಯನ್ನು ಕೈಯಲ್ಲೇ ಹಿಡಿದುಕೊಂಡು, ಯಾರಿಗೋ ಹೇಳುವಂತೆ, "ಕೇಳಿದೆ ಕಣವ್ವ, ಸಾಕು" ಎಂದು ಪಿಸುಗುಟ್ಟಿದ.

ದೀಪಗಳೆಲ್ಲ ಒಮ್ಮೆ ನಿಂತವು. ಆಮೇಲೆ ಒಂದು ದೀಪ ಮಿನುಗಿತು. ತುಸು ತಡೆದು ಇನ್ನೊಂದು ಉತ್ತರಿಸಿತು. ನೆಲದಡಿಯ ಕೊಳವೆಯಲ್ಲಿ ಎಣ್ಣೆ ಗುಟುರು ಹಾಕುತ್ತ ಬಂದು, ಕಿಂಡಿಯೊಳಗೆ ಬೆಂಕಿ ಮಗ್ಗುಲು ಬದಲಿಸಿ ಎದ್ದು ಕೂತಿತು. ಕಿತ್ತಳೆ ಹಳದಿಯಾಯಿತು, ಹಳದಿ ಬಿಳುಪಾಯಿತು. ಮೂಸೆಯ ಅಂಚಿನ ಕೆನೆ ಸುಕ್ಕುಗಟ್ಟಿ ಕರಗಿತು. ಭರ್ಮಣ್ಣ ಬಾಗಿ ಅದರ ಮೈಯನ್ನು ಉದ್ದಕ್ಕೂ ನೋಡಿದ. ಎಲ್ಲೂ ಗೆರೆ ಇರಲಿಲ್ಲ.

ಬೀದಿ ಹುಡುಕಲು ಹೋದವರು ಬೆಂಕಿಯ ಬೆಳಕು ಕಂಡು ಹಿಂದಿರುಗಿದರು. ಎಲ್ಲರಿಗಿಂತ ಹಿಂದೆ ಸಣ್ಣೀರಪ್ಪ ಬಂದ, ಹೊಸ ಪಂಚೆ, ಹಣೆಯಲ್ಲಿ ವಿಭೂತಿ, ಮುಖದಲ್ಲಿ ರಕ್ತವೇ ಇಲ್ಲ. ಅವನ ಹಿಂದೆ ರೇಷ್ಮೆ ಸೀರೆಯ ಹೆಂಗಸೊಬ್ಬರು, ಅವನ ಮಗಳನ್ನು ನೋಡಲು ಬಂದ ಗಂಡಿನ ತಾಯಿ.

"ನಂದೇ ತಪ್ಪು ಜುಲೇಖಮ್ಮ" ಎಂದ. "ಇವತ್ತು ಬೀಗರು ಬರೋರಿದ್ರು. ಎಣ್ಣೆಮನೆ ನೋಡ್ತೀವಿ ಅಂದಿದ್ರು. ಆ ಹಳದಿ ದೀಪ ಕಂಡು, ಇದೇನು ಅಂತ ಕೇಳಿದ್ರೆ ಏನಂತ ಹೇಳ್ಲಿ? ನಿನ್ನೆ ತೊಟ್ಟಿಬೀದಿ ಮಲಗಿದಾಗ ಅದು ಹಸಿರಾಗಿತ್ತಲ್ಲ, ಹಂಗೇ ಇರ್ಲಿ ಅಂತ ಪಕ್ಕದ ಕೀಲಿ ಕೆಳಗೆ ಮಾಡ್ದೆ. ಏನೂ ಆಗ್ಲಿಲ್ಲ. ಸಂಜೆ ತಂಕ ಕಾಯ್ಕೊಂಡು ನೋಡ್ದೆ, ಏನೂ ಆಗ್ಲಿಲ್ಲ."

ನಿನ್ನೆ ಏನೂ ಆಗದಿರುವುದು ಸಹಜವೇ. ಬೀದಿ ಮಲಗಿ ಸುತ್ತು ಕಡಿದಿತ್ತಲ್ಲ, ಅಗುಳಿಯ ಅಗತ್ಯವೇ ಇರಲಿಲ್ಲ. ಇಂದು ತೊಟ್ಟಿಬೀದಿ ಕಣ್ಣು ಬಿಟ್ಟ ಕ್ಷಣದಲ್ಲೇ ಕೂಗು ಸುತ್ತಲು ಶುರುವಾಗಿದೆ. ನಾನು ಇದನ್ನು ವಿವರಿಸಬೇಕೆನ್ನುವಷ್ಟರಲ್ಲಿ ಜುಲೇಖಮ್ಮ ಅವನ ಮುಂದೆ ಹೋಗಿ ನಿಂತರು. ಬರಿಗಾಲು, ಕೆದರಿದ ಕೂದಲು. ಬೈಯುತ್ತಾರೆಂದು ಎಲ್ಲರೂ ತಲೆ ತಗ್ಗಿಸಿದೆವು.

"ನನ್ನ ಅತ್ತೆಯ ಅತ್ತೆ ಹಚ್ಚಿದ ಬೆಂಕಿ ಕಣೋ ಇದು, ಸಣ್ಣೀರ" ಎಂದರು. "ಒಂದು ಚೂರು ಹಳದಿ ದೀಪಕ್ಕೆ ನಾಚ್ಕೊಂಡು..." ಎನ್ನುತ್ತ ಕಿಂಡಿಯ ಕಡೆ ಕೈ ತೋರಿಸಿದರು.

ರೇಷ್ಮೆ ಸೀರೆಯ ಹೆಂಗಸು ಗಂಟಲು ಸರಿಮಾಡಿಕೊಂಡರು. "ತಪ್ಪು ತಿಳೀಬೇಡಿ. ನಾವೂ ಒಂದು ಮಾತು ಮುಚ್ಚಿಟ್ಟಿದ್ವಿ. ನಮ್ದೂ ಅಗುಳಿ ಮನೇನೇ. ನೀವು ಎಣ್ಣೆಮನೆ ಯಜಮಾನ್ರು, ಏನಂತೀರೋ ಏನೋ ಅಂತ ಹೆದರಿ, ನಿಮ್ಮನ್ನ ನಮ್ಮನೆಗೆ ಕರೀದೆ ನಾವೇ ಬರ್ತೀವಿ ಅಂದಿದ್ದು."

ಮೊದಲು ನಕ್ಕವಳು ಸಾಕಮ್ಮ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಜುಲೇಖಮ್ಮ ಸಣ್ಣೀರಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಮೊದಲು ಆ ಪೆಟ್ಟಿಗೆಗೆ ಒಂದು ಜಾಗ ಹೇಳು. ನಾಚಿಕೆ ಇಲ್ಲದ ಜಾಗ."

"ಇಲ್ಲೇ ಇರ್ಲಿ" ಎಂದ ಭರ್ಮಣ್ಣ. ಕಿತ್ತ ತಂತಿ ಇನ್ನೂ ಅವನ ಕೈಯಲ್ಲೇ ಇತ್ತು.

ಮಧ್ಯಾಹ್ನದೊಳಗೆ ನಾನು ಎಣ್ಣೆಮನೆಯ ಪೆಟ್ಟಿಗೆಯನ್ನು ಹಾಗೇ ಬಿಟ್ಟು, ಕುಲುಮೆಮನೆಯದರ ಕೀಲಿಯನ್ನು ಮೇಲೆ ಮಾಡಿ ತಂತಿಯನ್ನು ಮತ್ತೆ ಸೇರಿಸಿದೆ. ಗೂಡಿನಲ್ಲಿ ಹಳದಿ ದೀಪ ಹತ್ತಿತು. ಬೆಂಕಿಯ ಎದುರಿಗೆ ಅದೊಂದು ಸಾಸಿವೆಕಾಳಿನಷ್ಟು.

ಮನೆಗೆ ಬಂದಾಗ ಅಜ್ಜಿ ಮುಂಬಾಗಿಲ ಹೊಸ್ತಿಲ ಮೇಲೆ ಕೂತು ಹಸಿರು ಬಳೆ ತೊಟ್ಟ ಕೈಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಆಗತಾನೇ ಕೇರಿಯನ್ನು ಸುತ್ತಿ ಒಂದು ಕೂಗು ಬಂತು: ಕುಲುಮೆಯ ಬೆಂಕಿ ಉಳಿಯಿತಂತೆ, ಸಣ್ಣೀರಪ್ಪನ ಮಗಳ ಮದುವೆ ಗೊತ್ತಾಯಿತಂತೆ. ಅಜ್ಜಿ ಕತ್ತು ಓರೆ ಮಾಡಿ ಕೇಳಿದಳು. ಕೈ ನಿಲ್ಲಿಸಲಿಲ್ಲ. ನಮ್ಮ ಹಿಂಬಾಗಿಲು ಮುಚ್ಚಿತ್ತು. ಕೂಗು ಒಳಗೆ ಬಂದು ನಿಂತಿತು.

"ಈಗ ಹೇಳ್ಬೇಕು ಅಜ್ಜೀ" ಎಂದೆ, ಪಕ್ಕದಲ್ಲಿ ಕುಸಿದು ಕೂತು. "ಇದು ಎಲ್ಲಿಗೆ ಹೋಗುತ್ತೆ?"

ಅಜ್ಜಿ ನನ್ನ ಅರ್ಧ ಜಡೆಯನ್ನು ನೋಡಿ, ಅವರೆಕಾಯಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಹೆಣೆಯತೊಡಗಿದಳು. "ಎಲ್ಲಿಗೂ ಹೋಗಲ್ಲ ಕಣೆ ಪುಟ್ಟಿ. ಮಿಕ್ಕೋರ ಮನೇಲಿ ಬಂದ ಮಾತು ಬಂದಂಗೇ ಆಚೆ ಹೋಯ್ತದೆ. ಕೇಳೋಕೆ ಎಲ್ಲಿ ಪುರುಸೊತ್ತು, ಮುಂದಕ್ಕೆ ಕೂಗ್ಬೇಕಲ್ಲ. ನಮ್ಮನೇಲಿ ಬಂದಿದ್ದು ಕೂತ್ಕೊಳ್ತದೆ. ಕೂತು ಕೂತು, ಮೊಸರು ಹೆಪ್ಪಾದಂಗೆ ಒಂದಕ್ಕೊಂದು ಕೂಡ್ಕೊಳ್ತದೆ." ಜಡೆಯ ತುದಿಗೆ ಗಂಟು ಹಾಕಿದಳು. "ನಿಂಗೆ ಇಷ್ಟು ದಿನ ತುತ್ತಿನ ಜೊತೆ ಏನು ತಿನ್ಸಿದ್ದು ಅಂದ್ಕೊಂಡಿದ್ದೆ?"

ಇದಾಗಿ ಕೆಲವು ದಿನಗಳ ಮೇಲೆ ಕುಲುಮೆಮನೆಯ ತಂತಿಗಳ ಧೂಳು ಒರೆಸಲು ಹೋಗಿದ್ದೆ. ಮಧ್ಯಾಹ್ನದ ಊಟದ ಬಿಡುವು. ಎಂದೂ ಕಾವಿಗೆ ಹೆದರಿ ಅತ್ತ ಸುಳಿಯದ ಸಾಕಮ್ಮ, ಸಣ್ಣೀರಪ್ಪ, ಬಳೆ ಎಳೆಯುವವರು, ಬುತ್ತಿ ಬಿಚ್ಚಿಕೊಂಡು ಬಾಗಿಲಿನಿಂದ ಗೂಡಿನ ತನಕ ಸಾಲಾಗಿ ಕೂತಿದ್ದರು. ಜುಲೇಖಮ್ಮನವರೂ ಇದ್ದರು, ತುತ್ತು ಕೈಯಲ್ಲೇ ಮರೆತು. ಹಳದಿ ದೀಪದ ಕೆಳಗೆ, ಕಿಂಡಿಗೆ ಬೆನ್ನು ಹಾಕಿ, ಒಣಗಿದ ಎಲೆ ಉಜ್ಜಿದಂಥ ದನಿಯಲ್ಲಿ ಭರ್ಮಣ್ಣ ಹೇಳುತ್ತಿದ್ದ: "ಒಂದೂರಾಗೆ ಒಬ್ಬ ಇದ್ನಂತೆ. ಅವನಿಗೆ ಬರ್ತಿದ್ದಿದ್ದು ಎರಡೇ ಮಾತು..."